ಕುಕ್ಕರ್ ಮಾಮ ಹಾಕಿದ ವಾಲ್ವ್

ಮೂರಂತಸ್ತಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ಬೀಗ ರಿಪೇರಿಯವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲೇಬೇಕಾದಷ್ಟು ಜಾಗ. ಅದೇ ಕುಕ್ಕರ್ ಮಾಮನ ಅಂಗಡಿ. ತಂತಿಗೆ ಪೋಣಿಸಿ ತೂಗುಹಾಕಿದ ಹಳೆಯ ಗ್ಯಾಸ್ಕೆಟ್‌ಗಳೇ ಬೋರ್ಡು. ಒಳಗೆ ಒಂದು ಮೋಟು ಸ್ಟೂಲು, ಒಂದು ಬರ್ನರಿನ ಸ್ಟೌ, ಗೋಡೆಗೆ ಹೊಡೆದ ಮೊಳೆಗಳಲ್ಲಿ ಹಿಡಿಗಳು, ಬಿಸ್ಕತ್ತಿನ ಡಬ್ಬಗಳಲ್ಲಿ ಸ್ಕ್ರೂಗಳು. ಯಾವ ಡಬ್ಬದಲ್ಲಿ ಏನಿದೆ ಎಂಬುದು ದೇವರಿಗೂ ಗೊತ್ತಿರಲಿಲ್ಲ, ಮಾಮನಿಗೆ ಗೊತ್ತಿತ್ತು.

ಗಿರಾಕಿಗಳ ಹೆಸರು ಕೇಳುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇಲ್ಲ. ಚೀಟಿ ಬರೆಯುವುದಿಲ್ಲ, ಫೋನ್ ನಂಬರು ತೆಗೆದುಕೊಳ್ಳುವುದಿಲ್ಲ. ಕುಕ್ಕರನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಒಂದು ಸುತ್ತು ತಿರುಗಿಸಿದನೆಂದರೆ ಮುಗಿಯಿತು, ಅದರ ಜಾತಕ ತಲೆಯೊಳಗೆ ಹೋಗಿ ಕೂತಿತು. ಸಂಜೆ ಬಂದವರು ಹೆಸರು ಹೇಳಲು ಬಾಯಿ ತೆರೆದರೆ, "ಹೆಸರು ಮನೇಲಿಟ್ಕೊಳ್ಳಿ, ಕುಕ್ಕರ್ ಯಾವ್ದು ಹೇಳಿ" ಎನ್ನುತ್ತಿದ್ದ. ಅವನ ಲೆಕ್ಕದಲ್ಲಿ ಈ ಬೀದಿಯಲ್ಲಿ ಓಡಾಡುವವರೆಲ್ಲ ಮೂರು ಲೀಟರಿನವರು, ಐದು ಲೀಟರಿನವರು, ತಳ ಸೀಯಿಸಿದವರು, ಹಿಡಿ ಮುರಿದವರು. ಎದುರು ಮನೆಯ ಮೇಷ್ಟರನ್ನೇ ಒಮ್ಮೆ ಯಾರೋ ತೋರಿಸಿ ಕೇಳಿದಾಗ, "ಅವರಾ? ಬಲಗಡೆ ನೆಗ್ಗಿರೋದು" ಎಂದು ಹೇಳಿ ನಗೆಪಾಟಲಾಗಿದ್ದ. ಅವನ ಹೆಸರಾದರೂ ಯಾರಿಗೆ ಬೇಕಿತ್ತು? ಅರವತ್ತು ದಾಟಿದ ಮೇಲಂತೂ ಅವನಿಗಿಂತ ದೊಡ್ಡವರೂ ಮಾಮ ಎಂದೇ ಕರೆಯುತ್ತಿದ್ದರು.

ಕೆಲಸ ಕಲಿತದ್ದು ಸೋದರಮಾವನ ಕೈಕೆಳಗೆ. ಆ ಮುದುಕ ಮಹಾ ಮುಂಗೋಪಿ, ಕೆಲಸ ಕೆಟ್ಟರೆ ಇಕ್ಕಳವನ್ನೇ ಬೀಸಿ ಎಸೆಯುತ್ತಿದ್ದ. ಆದರೆ ವಾಲ್ವಿನ ವಿಷಯ ಬಂದಾಗ ಮಾತ್ರ ದನಿ ತಗ್ಗಿಸುತ್ತಿದ್ದ. ಸೇಫ್ಟಿ ವಾಲ್ವ್ ಎಂದರೆ ಮುಚ್ಚಳದ ಮೇಲೆ ಕೂರುವ ಗುಂಡಿಯಷ್ಟು ಸಣ್ಣ ಸಾಮಾನು. ಅದರ ಮಧ್ಯೆ ಬೇರೆ ಲೋಹದ ಒಂದು ಚುಕ್ಕೆ. ಆವಿ ಹೋಗುವ ದಾರಿ ಕಟ್ಟಿಕೊಂಡು ಒಳಗಿನ ಬಿಸಿ ಮಿತಿ ಮೀರಿದರೆ ಆ ಚುಕ್ಕೆ ತಾನು ಕರಗಿ ಆವಿಯನ್ನು ಹೊರಗೆ ಬಿಡಬೇಕು. "ಕುಕ್ಕರಲ್ಲಿ ಬಾಕಿ ಎಲ್ಲಾ ಗಟ್ಟಿ ಇರ್ಬೇಕು ಕಣೋ, ಇದೊಂದು ಮಾತ್ರ ಹೊತ್ತಿಗೆ ಸರಿಯಾಗಿ ಸೋಲ್ಬೇಕು. ಇದು ಸೋಲ್ಲಿಲ್ಲ ಅಂದ್ರೆ ಒಲೆ ಮುಂದೆ ನಿಂತೋರು ಸೋಲ್ತಾರೆ" ಎಂದು ಹೇಳಿಕೊಟ್ಟಿದ್ದ. ಮಾಮ ಆ ಮಾತನ್ನು ಮರೆಯಲಿಲ್ಲ. ನಲವತ್ತೊಂದು ವರ್ಷದಲ್ಲಿ ಅವನ ಕೈಮುಟ್ಟಿದ ಒಂದೇ ಒಂದು ಕುಕ್ಕರ್ ಸಿಡಿದದ್ದಿಲ್ಲ. ಬೇರೆ ಆಸ್ತಿ ಅಂತ ಅವನಿಗೆ ಏನೂ ಇರಲಿಲ್ಲ, ಇದೊಂದೇ ಇತ್ತು.

ವಾಲ್ವ್ ತರುತ್ತಿದ್ದದ್ದು ಪೇಟೆಯ ಸಗಟು ಅಂಗಡಿಯಿಂದ. ಅಲ್ಲಿ ಒಬ್ಬರು ಸಾಹುಕಾರರಿದ್ದರು, ಮೂವತ್ತು ವರ್ಷ ಅದೇ ಕುರ್ಚಿ, ಅದೇ ದಿಂಬು. ಹೊಸ ಡಬ್ಬ ಬಂದಾಗ ಮಾಮ ಅದರಿಂದ ಒಂದೇ ಒಂದು ವಾಲ್ವ್ ತೆಗೆದು, ಕಬ್ಬಿಣದ ಸೌಟಿನಲ್ಲಿ ಎಣ್ಣೆ ಹಾಕಿ, ಅದರಲ್ಲಿ ವಾಲ್ವನ್ನು ಮುಳುಗಿಸಿ ಸ್ಟೌ ಮೇಲೆ ಹಿಡಿಯುತ್ತಿದ್ದ. ಎಣ್ಣೆ ಹೊಗೆಯಾಡುವುದಕ್ಕೆ ಮೊದಲೇ ಮಧ್ಯದ ಚುಕ್ಕೆ ಕರಗಿ ಜಾರಬೇಕು. ಜಾರಿತೋ, ಇಡೀ ಡಬ್ಬ ಪಾಸು. "ಅನ್ನ ಬೆಂದಿದ್ಯಾ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು" ಎನ್ನುವುದು ಅವನ ಪಾಲಿಗೆ ಗಾದೆಯಲ್ಲ, ಕಾನೂನು. ಒಮ್ಮೆ ಹೀಗೆ ಪಾಸಾದ ಡಬ್ಬವನ್ನೇ ಸಾಹುಕಾರರು ಆಳಿನ ಕೈಲಿ ಹೇಳಿಕಳಿಸಿ ವಾಪಸ್ಸು ತರಿಸಿಕೊಂಡಿದ್ದರು. ಬೇರೆ ಊರಿನಲ್ಲಿ ಅದೇ ಮಾಲಿನ ಬಗ್ಗೆ ಯಾರೋ ತಕರಾರು ತೆಗೆದಿದ್ದರಂತೆ. "ನಿಮ್ಮ ಅಗುಳು ಬೆಂದಿರ್ಬಹುದು, ನನಗೆ ಅನುಮಾನ ಇದೆ, ಇದು ಬೇಡ" ಎಂದು ಬೇರೆ ಡಬ್ಬ ಕೊಟ್ಟು ಕಳಿಸಿದ್ದರು. ಅಂಥ ಮನುಷ್ಯ ಹೋದ ವರ್ಷ ತೀರಿಕೊಂಡರು. ಮಕ್ಕಳು ಅಂಗಡಿಯನ್ನು ಮೊಬೈಲ್ ಮಾರುವವರಿಗೆ ಬಿಟ್ಟುಕೊಟ್ಟರು. ಮಾಮ ನಾಲ್ಕು ಕಡೆ ಅಲೆದು, ನಾಲ್ಕು ಕಡೆಯೂ "ಈಗ ಆ ಸಾಮಾನು ಯಾರೂ ಇಡಲ್ಲ" ಅನ್ನಿಸಿಕೊಂಡು ಬರಿಗೈಯಲ್ಲಿ ಬಂದ.

ಆಗ ದಾರಿ ತೋರಿಸಿದ್ದು ಸೊಸೆ. ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವ ಚುರುಕು ಹುಡುಗಿ, ಮಾವನಿಗೂ ಅವಳಿಗೂ ಬಲು ಸಲಿಗೆ. ಮಗ ಬಸ್ಸು ಓಡಿಸುತ್ತಾನೆ, ವಾರದಲ್ಲಿ ಮೂರು ದಿನ ಊರಲ್ಲಿರುವುದಿಲ್ಲ. ಹೆಂಡತಿ ಹೋಗಿ ಎಂಟು ವರ್ಷವಾದ ಆ ಮನೆಯಲ್ಲಿ ಮಾತಿಗೆ ಮಾತು ಕೊಡುವವಳು ಇವಳೊಬ್ಬಳೇ.

"ಪ್ರಪಂಚಾನೇ ಇದರೊಳಗೆ ಮಾರಾಟಕ್ಕಿದೆ ಮಾವ, ನಿಮ್ಮ ವಾಲ್ವ್ ಯಾವ ದೊಡ್ಡ ಮಾತು?" ಎಂದು ಫೋನನ್ನು ಅವನ ಮೂಗಿನ ಹತ್ತಿರ ಹಿಡಿದಳು.

ಹಿಡಿದು ನೋಡಿದರೆ ಅದೇ ವಾಲ್ವ್. ಅದೇ ಕಂಪನಿ, ಅದೇ ಚುಕ್ಕೆ. ಮಾಮನಿಗೆ ಕಳೆದುಹೋದ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಆದರೂ ಹಳೆಯ ಕೈ, ಸುಮ್ಮನೆ ಬಿಡುತ್ತದೆಯೇ? "ಮೊದ್ಲು ಒಂದೇ ಒಂದು ತರ್ಸು" ಎಂದ. ಬಂತು. ಸೌಟಿನಲ್ಲಿ ಎಣ್ಣೆ ಕಾಯಿಸಿದ. ಚುಕ್ಕೆ ಹೇಗೆ ಜಾರಬೇಕೋ ಹಾಗೆಯೇ ಜಾರಿತು. "ನೋಡ್ದ್ಯಾ! ಚಿನ್ನದಂಥಾ ಮಾಲು" ಎಂದು ಸೊಸೆಗೆ ತೋರಿಸಿದ. ಅವಳು ಅಲ್ಲೇ ಕೂತು, "ಹಾಗಿದ್ರೆ ನಾಲ್ಕು ಮಾತು ಹೇಳಿ ಮಾವ, ಬರೀತೀನಿ, ಬೇರೆಯವರಿಗೂ ಗೊತ್ತಾಗ್ಲಿ" ಎಂದಳು. ಮಾಮ ಗಂಟಲು ಸರಿಮಾಡಿಕೊಂಡು, ಭಾಷಣ ಮಾಡುವವನಂತೆ, ತಾನು ನಲವತ್ತೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿರುವುದಾಗಿಯೂ, ವಾಲ್ವನ್ನು ಎಣ್ಣೆಯಲ್ಲಿ ಕಾಯಿಸಿ ನೋಡಿರುವುದಾಗಿಯೂ, ಕಣ್ಣುಮುಚ್ಚಿ ಕೊಳ್ಳಬಹುದೆಂದೂ ಬರೆಸಿದ. ಅವಳು ಐದು ನಕ್ಷತ್ರ ಒತ್ತಿದಳು. ಆಮೇಲೆ ಅದೇ ಪುಟದಲ್ಲಿ ಎರಡು ಡಜನ್ ಆರ್ಡರ್ ಹಾಕಿದಳು.

ಎರಡು ಡಜನ್ ಬಂತು. ಅದೇ ಬಣ್ಣದ ಪೊಟ್ಟಣ, ಅದೇ ಅಕ್ಷರ. ಮಾಮ ಸೌಟನ್ನು ಕೈಗೆ ತೆಗೆದುಕೊಂಡದ್ದೂ ಹೌದು. ಆಮೇಲೆ, ಇದೇನು ಹುಚ್ಚು, ಅಗುಳು ಆಗಲೇ ಹಿಸುಕಿ ಆಗಿದೆಯಲ್ಲ, ಒಂದೇ ಪಾತ್ರೆಯ ಅನ್ನವನ್ನು ಎಷ್ಟು ಸಲ ನೋಡುವುದು ಎಂದುಕೊಂಡು ಸೌಟನ್ನು ಮೊಳೆಗೆ ಸಿಕ್ಕಿಸಿಬಿಟ್ಟ. ಅಷ್ಟೇ ನೋಡಿ ಆದದ್ದು. ಇದನ್ನು ಸೋಮಾರಿತನ ಅನ್ನುವವರು ಅನ್ನಲಿ. ಸೋಮಾರಿಯಾಗಿದ್ದರೆ ಮೊದಲನೆಯದನ್ನೂ ಕಾಯಿಸಿ ನೋಡುತ್ತಿರಲಿಲ್ಲ. ಸಾಹುಕಾರರ ಡಬ್ಬದ ಜೊತೆ ಬದುಕಿದವನಿಗೆ, ಒಂದೇ ಚಿತ್ರದ ಹಿಂದೆ ಹತ್ತು ಅಂಗಡಿ ಇರಬಹುದೆಂದು ಯಾರು ಹೇಳಿಕೊಡಬೇಕಿತ್ತು?

ಎರಡು ತಿಂಗಳಲ್ಲಿ ಹತ್ತೊಂಬತ್ತು ವಾಲ್ವ್ ಹತ್ತೊಂಬತ್ತು ಕುಕ್ಕರಿಗೆ ಹೋದವು.

ಒಂದು ಬೆಳಿಗ್ಗೆ ದರ್ಜಿ ಅಮ್ಮ ಬಂದರು. ಮೂಲೆಯ ಮನೆಯಲ್ಲಿ ಬಟ್ಟೆ ಹೊಲಿಯುವವರು, ಯಾವಾಗಲೂ ಕೊರಳಲ್ಲಿ ಅಳತೆಯ ಟೇಪು. ಕುಕ್ಕರನ್ನು ಕಟ್ಟೆಯ ಮೇಲೆ ಕುಕ್ಕಿ, ತಲೆ ಚಚ್ಚಿಕೊಂಡರು. ತಳ ಇದ್ದಿಲಾಗಿತ್ತು. ಗ್ಯಾಸ್ಕೆಟ್ ಮುಚ್ಚಳದ ಪಕ್ಕದಿಂದ ನಾಲಿಗೆಯ ಹಾಗೆ ಹೊರಕ್ಕೆ ಬಂದು ಹರಿದಿತ್ತು.

"ತೋಳು ಹೊಲೀತಾ ಹೊಲೀತಾ ಮರೆತೇಬಿಟ್ಟೆ ಮಾಮ. ನೀರೆಲ್ಲ ಇಂಗಿ ಹೋಗಿದೆ. ಢಂ ಅಂತ ಸದ್ದಾಯ್ತು, ಓಡಿ ಹೋದ್ರೆ ಅಡುಗೆಮನೆ ತುಂಬ ಹೊಗೆ. ರಬ್ಬರ್ ಹೋಯ್ತು, ಹೋಗ್ಲಿ. ಆದ್ರೆ ನೀವು ಹಾಕಿದ ವಾಲ್ವ್ ನೋಡಿ, ಏನೂ ಆಗಿಲ್ಲ! ಎಷ್ಟು ಗಟ್ಟಿ ಅಂತೀನಿ!"

ಮಾಮ ಮುಚ್ಚಳವನ್ನು ಬೆಳಕಿಗೆ ಹಿಡಿದ. ತಳ ಸುಟ್ಟು, ರಬ್ಬರ್ ಹರಿಯುವಷ್ಟು ಕಾದ ಕುಕ್ಕರಿನಲ್ಲಿ ಆ ಚುಕ್ಕೆ ಮದುಮಗನ ಹಾಗೆ ಹೊಳೆಯುತ್ತ ಕೂತಿತ್ತು. ಆ ಹೊತ್ತಿಗೆ ರಬ್ಬರಾದರೂ ಸೋತಿದ್ದರಿಂದ ಈ ಹೆಂಗಸು ನಿಂತುಕೊಂಡು ಮಾತಾಡುತ್ತಿದ್ದಾರೆ ಎಂಬುದು ಅವನಿಗೆ ಗೊತ್ತಾಯಿತು. ಅವರಿಗೆ ಗೊತ್ತಾಗಲಿಲ್ಲ, ಅವರು ಇನ್ನೂ ಹೊಗಳುತ್ತಲೇ ಇದ್ದರು.

"ಅಮ್ಮಾ, ಇದು ಇವತ್ತು ಇಲ್ಲೇ ಇರ್ಲಿ" ಎಂದಷ್ಟೇ ಹೇಳಿ ಅವರನ್ನು ಕಳಿಸಿದ. ಉಳಿದಿದ್ದ ಐದು ವಾಲ್ವ್‌ಗಳಲ್ಲಿ ಒಂದನ್ನು ಸೌಟಿಗೆ ಹಾಕಿದ. ಎಣ್ಣೆ ಕಾಯಿತು, ನೊರೆ ಬಂತು, ಹೊಗೆಯಾಡಿತು, ಕೊನೆಗೆ ಕಪ್ಪಾಗಿ ಗಂಟಲು ಕಟ್ಟುವಷ್ಟು ಘಾಟು ಎದ್ದಿತು. ಚುಕ್ಕೆ ಅಲ್ಲಾಡಲಿಲ್ಲ. ಎರಡನೆಯದು, ಮೂರನೆಯದು, ಐದನ್ನೂ ಹಾಕಿದ. ಒಂದೂ ಕರಗಲಿಲ್ಲ. ಅರದಿಂದ ಉಜ್ಜಿ ನೋಡಿದರೆ ಒಳಗೆ ಚುಕ್ಕೆಯೇ ಇಲ್ಲ, ಇಡೀ ಸಾಮಾನು ಒಂದೇ ತುಂಡು ಲೋಹ, ಮೇಲೆ ಚುಕ್ಕೆಯಂತೆ ಕಾಣುವ ಬಣ್ಣ. ಬೀಗ ರಿಪೇರಿಯವನು ಹೊಗೆ ನೋಡಿ ಇಣುಕಿ, "ಏನ್ ಮಾಮ, ಅಡುಗೆ ಶುರು ಮಾಡಿದ್ರಾ?" ಎಂದು ತಮಾಷೆ ಮಾಡಿದ. ಮಾಮನ ಮುಖ ನೋಡಿ ನಗು ನುಂಗಿಕೊಂಡ.

ಸಂಜೆ ಸೊಸೆ ಕೆಲಸದಿಂದ ಬಂದವಳು ಮಾವನಿಂದ ವಿಷಯ ಕೇಳಿ, ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲದೆ ಫೋನ್ ತೆಗೆದಳು. ಮೊದಲನೆಯ ಆರ್ಡರ್ ಒಂದು ಕಡೆ, ಎರಡನೆಯದು ಒಂದು ಕಡೆ ಇಟ್ಟುಕೊಂಡು ನೋಡುತ್ತಿದ್ದಂತೆ ಅವಳ ಮುಖ ಇಳಿಯಿತು.

"ಮಾವ, ಚಿತ್ರ ಒಂದೇ, ಪುಟ ಒಂದೇ. ಆದ್ರೆ ಮಾರಿರೋರು ಬೇರೆ ಬೇರೆ. ಕೆಳಗಡೆ ಸಣ್ಣ ಅಕ್ಷರದಲ್ಲಿ ಇದೆ. ಮೊದಲನೇದು ಒಬ್ರು ಕಳಿಸಿದ್ದು, ಎರಡು ಡಜನ್ ಇನ್ಯಾರೋ ಕಳಿಸಿದ್ದು. ನಾನು ನೋಡ್ಲೇ ಇಲ್ಲ."

"ಯಾರಂತೆ ಅವನು?"

ಅವಳು ಆ ಸಣ್ಣ ಅಕ್ಷರವನ್ನು ಒತ್ತಿದಳು. ಮೂರು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಎರಡು ಅಂಕಿ. ಮನುಷ್ಯರ ಹೆಸರೂ ಅಲ್ಲ, ಊರಿನ ಹೆಸರೂ ಅಲ್ಲ. ಸಾಮಾನು ಎಲ್ಲಾ ಖಾಲಿ. ಅಂಗಡಿ ಸದ್ಯಕ್ಕೆ ಮುಚ್ಚಿದೆ ಎಂಬ ಒಂದು ಸಾಲು. ಅವಳು ದೂರು ಬರೆದಳು. ಅರ್ಧ ಗಂಟೆಯಲ್ಲೇ ಉತ್ತರ ಬಂತು, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ವಾಪಸ್ಸು ಮಾಡುವ ಅವಧಿ ಮುಗಿದಿದೆ, ನಮ್ಮ ಸೇವೆ ಹೇಗಿತ್ತೆಂದು ದಯವಿಟ್ಟು ತಿಳಿಸಿ ಅಂತ. ಮಾಮನಿಗೆ ಮೈಯೆಲ್ಲ ಉರಿದುಹೋಯಿತು. "ವಾಪಸ್ಸು ಯಾರಿಗೆ ಬೇಕಾಗಿದೆಯಮ್ಮ? ಇದನ್ನ ಇನ್ನೂ ಎಷ್ಟು ಜನ ತಗೊಂಡಿದ್ದಾರೆ, ಅವರಿಗೆಲ್ಲ ಹೇಳಿ ಅಂತ ಬರಿ" ಎಂದ. ಬರೆದಳು. ಅದಕ್ಕೂ ಅದೇ ಉತ್ತರ ಬಂತು.

ಪುಟವನ್ನು ಕೆಳಗೆ ಕೆಳಗೆ ಸರಿಸುತ್ತಿದ್ದವಳು ಇದ್ದಕ್ಕಿದ್ದಂತೆ ಫೋನನ್ನು ಮಗುಚಿ ಇಟ್ಟಳು. ಮಾಮನೇ ಎತ್ತಿ ನೋಡಿದ. ಎಲ್ಲರ ಅಭಿಪ್ರಾಯಗಳಿಗಿಂತ ಮೇಲೆ, ಮೊಟ್ಟಮೊದಲಿಗೆ, ಅವನದೇ ಮಾತು. ನಲವತ್ತೊಂದು ವರ್ಷದ ಅನುಭವ, ಎಣ್ಣೆಯಲ್ಲಿ ಕಾಯಿಸಿ ನೋಡಿದ್ದೇನೆ, ಕಣ್ಣುಮುಚ್ಚಿ ಕೊಳ್ಳಬಹುದು. ಯಾವ ಮಾರಾಟಗಾರನ ಮಾಲಿಗೆ ಹೇಳಿದ್ದು ಎಂದು ಅಲ್ಲೆಲ್ಲೂ ಇಲ್ಲ. ಕೆಳಗೆ ಬರೆದಿತ್ತು, ನೂರ ಮೂವತ್ತೆಂಟು ಜನರಿಗೆ ಇದರಿಂದ ಉಪಯೋಗವಾಗಿದೆ.

ಅವನ್ಯಾರೋ ಮುಖವಿಲ್ಲದವನ ಮಾಲು ತನ್ನ ಮಾತಿನ ಬಲದಿಂದ ಮಾರಾಟವಾಗಿತ್ತು. "ತೆಗಿ ಅದನ್ನ" ಎಂದ. "ಈಗ್ಲೇ ತೆಗಿ. ಇದನ್ನ ತಗೋಬೇಡಿ ಅಂತ ಬರಿ." ಸೊಸೆ ಅಳುತ್ತಲೇ ಅಳಿಸಿ ಬರೆದಳು. "ನಂದೇ ತಪ್ಪು ಮಾವ, ನಾನು ನೋಡಿ ಆರ್ಡರ್ ಮಾಡ್ಬೇಕಿತ್ತು" ಎಂದು ಬಿಕ್ಕಿದಳು.

"ನೀನು ಸುಮ್ನಿರು. ಫೋನ್ ಒತ್ತೋದು ನಿನ್ನ ಕೆಲಸ ಆಗಿತ್ತು, ಒತ್ತಿದ್ದೀಯ. ವಾಲ್ವ್ ನೋಡೋದು ನನ್ನ ಕೆಲಸ. ನಾನು ನೋಡ್ಲಿಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು. ಆದರೆ ತಲೆ ಮೇಲೆ ಕೈಹೊತ್ತು ಕೂರುವುದಕ್ಕೆ ಸಮಯವಿರಲಿಲ್ಲ. ಹದಿನೆಂಟು ಕುಕ್ಕರ್ ಇನ್ನೂ ಹದಿನೆಂಟು ಒಲೆಗಳ ಮೇಲಿದ್ದವು. ಮೇಲಿನ ತೂತಿಗೆ ಒಂದು ಬೇಳೆ ಸಿಕ್ಕಿಕೊಂಡರೆ ಸಾಕು. ಅವು ಯಾರ ಮನೆಯವು? ಅದನ್ನು ಕೇಳುವ ಅಭ್ಯಾಸವೇ ಇರಲಿಲ್ಲವಲ್ಲ! ಸೊಸೆ ಹಾಳೆ, ಪೆನ್ನು ಹಿಡಿದು ಕೂತಳು, ಮಾಮ ಕಣ್ಣುಮುಚ್ಚಿ ಹೇಳುತ್ತ ಹೋದ. ಹಿಡಿಗೆ ಹಸಿರು ಟೇಪು ಸುತ್ತಿದ್ದು. ತಳದಲ್ಲಿ ನಕ್ಷತ್ರದಂಥ ಬಿರುಕು. ಹಾಸ್ಟೆಲಿನ ಹತ್ತು ಲೀಟರಿನದು. ಹಾಳೆ ತುಂಬಿತು, ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ದೊಡ್ಡ ಊರಿಗೆ ಹೋಗಿ, ಕಂಪನಿಯದೇ ಅಂಗಡಿ ಹುಡುಕಿ, ಸರಿಯಾದ ವಾಲ್ವ್ ತಂದ. ಈ ಸಲ ಕಾಯಿಸಿ ನೋಡಿದ್ದು ಒಂದನ್ನಲ್ಲ, ನಾಲ್ಕನ್ನು. ಆಮೇಲೆ ಅಂಗಡಿಯ ಮುಂದೆ, ಜನ್ಮದಲ್ಲಿ ಮೊದಲ ಸಲ, ಒಂದು ಬೋರ್ಡು ಹಾಕಿದ. ಬಿಳಿ ರಟ್ಟಿನ ಮೇಲೆ ಸೊಸೆಯ ದುಂಡು ಅಕ್ಷರ: "ಕಳೆದ ಎರಡು ತಿಂಗಳಲ್ಲಿ ನನ್ನ ಹತ್ತಿರ ಸೇಫ್ಟಿ ವಾಲ್ವ್ ಹಾಕಿಸಿದವರು ಕುಕ್ಕರ್ ಬಳಸಬೇಡಿ. ನಾನು ಹಾಕಿದ ವಾಲ್ವ್ ಕೆಟ್ಟದ್ದು. ತಪ್ಪು ನನ್ನದು. ತಂದರೆ ಬದಲಾಯಿಸಿ ಕೊಡುತ್ತೇನೆ."

ಬೀಗ ರಿಪೇರಿಯವನು ಓದಿ ಹೌಹಾರಿದ. "ನಿಮಗೇನು ತಲೆ ಕೆಟ್ಟಿದ್ಯಾ ಮಾಮ? ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಳ್ತಿದ್ದೀರಲ್ಲ! ಬಂದೋರಿಗೆ ಸುಮ್ನೆ ಬದಲಾಯಿಸಿ ಕೊಡಿ. ಊರಿಗೆಲ್ಲ ಡಂಗುರ ಯಾಕೆ?"

"ಬಂದೋರು ಬರ್ತಾರೆ. ಬರದೇ ಇರೋರ ಗತಿ?" ಎಂದ ಮಾಮ.

ಬಂದರು. ಕೆಲವರು ಬೈದರು, ಕೆಲವರು ಹೊಸ ವಾಲ್ವ್ ಹಾಕಿಸಿಕೊಂಡು ಇನ್ನು ಈ ಕಡೆ ತಲೆಹಾಕುವುದಿಲ್ಲ ಎಂದು ಮುಖದ ಮೇಲೆಯೇ ಹೇಳಿ ಹೋದರು. ಎದುರು ಮನೆಯ ಮೇಷ್ಟರು, "ನಮ್ಮದು ಬಲಗಡೆ ನೆಗ್ಗಿರೋದು, ಲಿಸ್ಟಲ್ಲಿದ್ಯಾ?" ಎಂದು ಕೇಳಿ, ಇಲ್ಲವೆಂದು ತಿಳಿದ ಮೇಲೂ ಸ್ವಲ್ಪ ಹೊತ್ತು ಸ್ಟೂಲಿನ ಪಕ್ಕ ಸುಮ್ಮನೆ ನಿಂತಿದ್ದು ಹೋದರು. ಬರದವರನ್ನು ಮಾಮನೇ ಹುಡುಕಿಕೊಂಡು ಹೊರಟ. ಬೆಳಿಗ್ಗೆ ಅಡುಗೆಯ ಹೊತ್ತಿಗೆ ಬೀದಿ ಬೀದಿ ಸುತ್ತಿ, ಕಿಟಕಿಗಳ ಕೆಳಗೆ ನಿಂತು, ಒಳಗಿನ ಕೂಗಿಗೆ ಕಿವಿ ಕೊಡುತ್ತಿದ್ದ. ಕೂಗು ಕೇಳಿಯೇ ಯಾವ ಕುಕ್ಕರೆಂದು ಹೇಳಬಲ್ಲೆ ಎಂದು ಹಿಂದೆ ಜಂಬ ಕೊಚ್ಚಿಕೊಂಡಿದ್ದನಲ್ಲ, ಅದರಲ್ಲಿ ಮುಕ್ಕಾಲು ಪಾಲು ಬಾಯಿಬಡಾಯಿ ಎಂದು ಅವನಿಗೇ ಗೊತ್ತಿತ್ತು. ಆದರೂ ಒಂದು ಸಂದಿಯಲ್ಲಿ ಕೆಮ್ಮು ಬಂದವರ ಹಾಗೆ ಕೂಗುವ ಕುಕ್ಕರೊಂದು ಸಿಕ್ಕಿತು, ಬಾಗಿಲು ಬಡಿದರೆ ಹಸಿರು ಟೇಪಿನದೇ! ಮನೆಯಾಕೆ ಕಳ್ಳನೆಂದು ತಿಳಿದು ಬಾಗಿಲು ಹಾಕಿಕೊಂಡಳು. ಒಲೆ ಆರಿಸಿ ತಾಯಿ, ಒಲೆ ಆರಿಸಿ ಎಂದು ಮಾಮ ಹೊರಗಿನಿಂದಲೇ ಅಂಗಲಾಚಿದ.

ಹತ್ತು ದಿನದಲ್ಲಿ ಹದಿನೇಳು ಸಿಕ್ಕಿದವು. ಒಂದು ಸಿಗಲಿಲ್ಲ.

ಐದು ಲೀಟರಿನದು. ದಪ್ಪ ತಳ, ಮುಚ್ಚಳದ ಅಂಚಿನಲ್ಲಿ ಬೆಸುಗೆ ಹಾಕಿದ ಗುರುತು, ಬಹಳ ಚೆನ್ನಾಗಿ ಉಜ್ಜಿ ಇಟ್ಟುಕೊಂಡಿದ್ದ ಹಳೆಯ ಕುಕ್ಕರ್. ತಂದವಳು ಒಬ್ಬ ಹೆಂಗಸು. ಆ ಕುಕ್ಕರಿನ ಒಂದೊಂದು ಗೆರೆಯೂ ಮಾಮನಿಗೆ ನೆನಪಿತ್ತು, ಅವಳ ಮುಖ ಮಾತ್ರ ಏನು ಮಾಡಿದರೂ ನೆನಪಾಗಲಿಲ್ಲ. ಉಣ್ಣಲು ಕೂತರೆ ಅದೇ ಚಿಂತೆ. ಮನೆಯ ಒಲೆಯ ಮೇಲೆ ಕುಕ್ಕರ್ ಇಡುವುದನ್ನೇ ಸೊಸೆ ನಿಲ್ಲಿಸಿಬಿಟ್ಟಳು, ಅದು ಕೂಗಿದಾಗಲೆಲ್ಲ ಮಾವ ಬೆಚ್ಚಿ ಏಳುತ್ತಿದ್ದ.

ಬೋರ್ಡು ಹಾಕಿದ ಹದಿನಾರನೆಯ ದಿನ, ಮಧ್ಯಾಹ್ನ, ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಂದು ಅಂಗಡಿಯ ಮುಂದೆ ನಿಂತಳು. ಬೋರ್ಡನ್ನು ಓದಿದಳು. ಮತ್ತೊಮ್ಮೆ ಓದಿದಳು. ಚೀಲದಿಂದ ಒಂದು ಮುಚ್ಚಳ ತೆಗೆದು ಕಟ್ಟೆಯ ಮೇಲಿಟ್ಟಳು. ಬರೀ ಮುಚ್ಚಳ. ನಡುವೆ ಬಾಗಿ, ಒಂದು ಪಕ್ಕ ಮೇಲಕ್ಕೆ ಮಡಿಚಿಕೊಂಡಿತ್ತು. ಅಂಚಿನಲ್ಲಿ ಬೆಸುಗೆಯ ಗುರುತು.

"ಈ ವಾಲ್ವ್ ಹಾಕಿದ್ದು ನೀವೇನಾ?"

ಅವಳ ಬೆನ್ನ ಹಿಂದೆ ನಿಂತಿದ್ದ ಬೀಗ ರಿಪೇರಿಯವನು, ಬೇಡ, ಬೇಡ ಎಂದು ಕೈ ಆಡಿಸಿದ. ಅವನ ಮಾತೂ ಸುಳ್ಳಲ್ಲ. ಆ ವಾಲ್ವಿನ ಮೇಲೆ ಮಾಮನ ಗುರುತೇನೂ ಇರಲಿಲ್ಲ. ಅಂಥವು ಊರಲ್ಲಿ ಸಾವಿರ ಇರಬಹುದು. ಒಂದು ಮಾತು ಅಲ್ಲ ಅಂದಿದ್ದರೆ ಅವಳು ನಂಬಿ ಹೋಗುತ್ತಿದ್ದಳು. ಮಾಮ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿದ. ಚುಕ್ಕೆ ಇನ್ನೂ ಹೊಳೆಯುತ್ತಿತ್ತು.

"ನಾನೇ ಹಾಕಿದ್ದಮ್ಮ" ಎಂದ. "ಯಾರಿಗೆ ಏನಾಯ್ತು?"

"ನಮ್ಮಕ್ಕ. ಮುಖ ಸುಟ್ಟಿದೆ. ಬಲಗಣ್ಣು ಹೋಯ್ತು ಅಂದ್ರು ಡಾಕ್ಟ್ರು." ಅವಳು ಅಳಲಿಲ್ಲ, ಅತ್ತು ಅತ್ತು ಮುಗಿದಂತಿತ್ತು. "ಆರು ದಿನ ಆಯ್ತು."

ಆರು ದಿನ. ಬೋರ್ಡು ಹಾಕಿ ಹತ್ತು ದಿನವಾಗಿದ್ದಾಗ. ಮಾಮ ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತ. ಅವಳು ಕೂಗಾಡಲಿ, ನಾಲ್ಕು ಬಾರಿಸಲಿ ಎಂದು ಅವನ ಜೀವ ಬೇಡಿಕೊಳ್ಳುತ್ತಿತ್ತು. ಅವಳು ಹಾಗೇನೂ ಮಾಡಲಿಲ್ಲ. "ನಿಮ್ಮ ವಿಳಾಸ ಬರ್ಕೊಡಿ" ಎಂದಳು. ಮಾಮ ಸೊಸೆಯ ಹಾಳೆಯ ಹಿಂಬದಿಯಲ್ಲಿ ತನ್ನ ಪೂರ್ತಿ ಹೆಸರು, ತಂದೆಯ ಹೆಸರು, ಮನೆ ನಂಬರು, ಬೀದಿ, ಮಗನ ಫೋನು ಎಲ್ಲವನ್ನೂ ಬರೆದುಕೊಟ್ಟ. ಅವಳು ಓದಿ, ಮಡಿಸಿ, ಚೀಲದಲ್ಲಿಟ್ಟುಕೊಂಡಳು.

"ನಾಳೆ ಆಸ್ಪತ್ರೆಗೆ ಬನ್ನಿ. ಅಕ್ಕ ನಿಮ್ಮ ಹತ್ರ ಏನೋ ಕೇಳ್ಬೇಕಂತೆ."

ಸೊಸೆ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಬಂದಳು. ಮಾಮ ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ತುಟಿಯಲ್ಲೇ ಜೋಡಿಸಿಕೊಳ್ಳುತ್ತಿದ್ದ. ಖರ್ಚೆಲ್ಲ ನಾನು ನೋಡ್ಕೊಳ್ತೀನಿ, ಪೊಲೀಸರಿಗೆ ಹೇಳೋದಾದ್ರೆ ಹೇಳಿ, ನಾನು ಇಲ್ಲ ಅನ್ನಲ್ಲ. ವಾರ್ಡಿನ ಬಾಗಿಲು ದಾಟುವ ಹೊತ್ತಿಗೆ ಒಂದು ಮಾತೂ ಉಳಿದಿರಲಿಲ್ಲ.

ಎಂಟು ಹಾಸಿಗೆಯ ಕೋಣೆ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ತಲೆಯಿಂದ ಗಲ್ಲದವರೆಗೆ ಬಲಗಡೆಯೆಲ್ಲ ಬಿಳಿ ಪಟ್ಟಿ. ಎಡಗಣ್ಣು ಒಂದು ಅವನನ್ನು ನೋಡಿತು. ಈ ಸಲ ಮಾಮ ಅವಳ ಮುಖವನ್ನು ನೋಡಿದ, ಉಳಿದಿದ್ದಷ್ಟನ್ನು ಸರಿಯಾಗಿ ನೋಡಿದ.

"ಬಂದ್ರಾ ಮಾಮ? ಕೂತ್ಕೊಳ್ಳಿ" ಎಂದಳು. ತುಟಿಯ ಒಂದು ಪಕ್ಕ ಮಾತ್ರ ಅಲ್ಲಾಡುತ್ತಿತ್ತು.

ಮಾಮ ಕೂರಲಿಲ್ಲ. ಕೈಜೋಡಿಸಿ ನಿಂತ. "ಅಮ್ಮಾ, ನಾನು..." ಎಂದು ಶುರುಮಾಡಿದ. ಹಿಂದೆ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಬೈಯೋಕೆ ಕರೆಸ್ಲಿಲ್ಲ ಮಾಮ. ಬೈದು ಈಗ ಏನಾಗ್ಬೇಕು? ಮನೇಲಿ ಎಲ್ರೂ ಆ ಹಳೇದು ಎಸಿ, ಫೋನಲ್ಲಿ ಹೊಸಾದು ತರಿಸ್ಕೊಳ್ಳೋಣ ಅಂದ್ರು. ನಾನೇ ಹಟ ಹಿಡಿದೆ. ಯಾರು ಮಾರ್ತಾರೋ, ಎಲ್ಲಿಂದ ಕಳಿಸ್ತಾರೋ, ಏನಾದ್ರೂ ಆದ್ರೆ ಯಾರನ್ನ ಅಂತ ಕೇಳೋದು, ಅದೆಲ್ಲ ಬೇಡ, ನಮ್ಮಮ್ಮನ ಕಾಲದಿಂದ ಗೊತ್ತಿರೋರು ಮಾಮ ಇದ್ದಾರೆ ಅಂತ ಎರಡು ಬಸ್ಸು ಬದಲಾಯಿಸಿ ನಿಮ್ಮ ಹತ್ರ ಬಂದೆ." ಅವಳು ಪಟ್ಟಿಯ ಅಂಚನ್ನು ಬೆರಳಿನಿಂದ ಒತ್ತಿಕೊಂಡಳು. "ಆರು ದಿನದಿಂದ ಅದೇ ಯೋಚನೆ. ಆ ವಾಲ್ವನ್ನ ನಿಮಗೆ ಕೊಟ್ಟೋರು ಯಾರು ಮಾಮ?"

ಫೋನಿನ ಪುಟ, ಚಿತ್ರ, ನಕ್ಷತ್ರ, ಮೂರು ಅಕ್ಷರ, ಎರಡು ಅಂಕಿ, ಎಲ್ಲವೂ ಮಾಮನ ಕಣ್ಣ ಮುಂದೆ ಬಂದು ಹೋದವು. ಅದರಲ್ಲಿ ಯಾವುದೂ ಅವಳು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ.

"ಗೊತ್ತಿಲ್ಲಮ್ಮ" ಎಂದ.

ಅವಳು ಅವನನ್ನೇ ನೋಡುತ್ತಿದ್ದಳು. ಸಿಟ್ಟು ಇರಲಿಲ್ಲ, ಅರ್ಥವಾಗದವರ ಹಾಗೆ ಕೇಳಿದಳು.

"ನಿಮಗೂ ಗೊತ್ತಿಲ್ವಾ?"